ತವರಿಗೆ ಬಂದ ಕಿಡ್ನಿ

ನನ್ನ ಹೊಟ್ಟೆಯ ಬಲಗಡೆ, ಬೆಲ್ಟಿಗಿಂತ ಸ್ವಲ್ಪ ಕೆಳಗೆ ಕೈಯಿಟ್ಟರೆ ಮುಷ್ಟಿ ಗಾತ್ರದ ಒಂದು ಉಬ್ಬು ಸಿಗುತ್ತದೆ. ಅದು ನನ್ನ ಅಕ್ಕ. ಅಂದರೆ ಅಕ್ಕನ ಕಿಡ್ನಿ. ಬೇರೆಯವರ ಕಿಡ್ನಿ ಹಾಕುವಾಗ ಬೆನ್ನ ಹಿಂದೆ ಹಾಕುವುದಿಲ್ಲ, ಮುಂದೆ ಕೆಳಹೊಟ್ಟೆಯಲ್ಲಿ ಕೂರಿಸುತ್ತಾರೆ ಎಂದು ನನಗೂ ಆಗಲೇ ಗೊತ್ತಾದದ್ದು. ಜಾಕೆಟ್ಟಿನ ಜೇಬಿಗೆ ಕೈ ಹಾಕಿದಾಗಲೆಲ್ಲ ಬೆರಳು ತಾನಾಗಿ ಅಲ್ಲಿಗೆ ಹೋಗಿ ಒಮ್ಮೆ ಮುಟ್ಟಿ ಬರುತ್ತದೆ.

ಅಕ್ಕನ ಹೆಸರು ಜಲಜ. ನನಗಿಂತ ಏಳು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಉಡುಪಿ ಹತ್ತಿರ ಕಟಪಾಡಿಯಲ್ಲಿ ಹೊಲಿಗೆ ಕ್ಲಾಸ್ ನಡೆಸಿಕೊಂಡು ಗಟ್ಟಿಗಿತ್ತಿಯಾಗಿ ಬದುಕಿದವಳು. ನಾನಿರುವುದು ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿ. ಮಾನ್ಮತ್ ಜಂಕ್ಷನ್‌ನಲ್ಲಿರುವ ಔಷಧಿ ಕಂಪನಿಯೊಂದರಲ್ಲಿ ಕ್ವಾಲಿಟಿ ವಿಭಾಗದ ಕೆಲಸ. ಬೇರೆಯವರು ಮಾಡಿದ ಮಾತ್ರೆಯಲ್ಲಿ ತಪ್ಪು ಹುಡುಕುವುದು ಅಂದರೂ ಸರಿಯೇ. ಮನೆಗೆ ಬಂದ ಮೇಲೂ ಅದೇ ಕೆಲಸ ಮುಂದುವರಿಸುತ್ತಾರೆ ಎಂದು ಹೆಂಡತಿ ವೀಣಾ ಬಂದವರಿಗೆಲ್ಲ ಹೇಳುತ್ತಿರುತ್ತಾಳೆ.

ಕೆಲವು ವರ್ಷಗಳ ಹಿಂದೆ ನನ್ನ ಎರಡೂ ಕಿಡ್ನಿಗಳು ಕೈಕೊಟ್ಟವು. ಅಕ್ಕ ಕೇಳಿಸಿಕೊಂಡವಳೇ ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿ ವಿಮಾನ ಹತ್ತಿದಳು. ಆಪರೇಷನ್ ಆಗಿ ಎರಡು ದಿನಕ್ಕೆ ವೀಲ್‌ಚೇರಿನಲ್ಲಿ ನನ್ನ ರೂಮಿಗೆ ಬಂದು, ನೋವಿಗೆ ಹಲ್ಲು ಕಚ್ಚಿಕೊಂಡೇ ನಕ್ಕಳು. "ಅಪ್ಪ ಅಮ್ಮ ಹೋದ ಮೇಲೆ ನಂಗೆ ತವರು ಅಂತ ಇರುದು ನೀನೊಬ್ಬನೇ ಮಾರಾಯ. ನಂಗೆ ಬಂದು ಕೂರ್ಲಿಕ್ಕೆ ಪುರುಸೊತ್ತಿಲ್ಲ. ನನ್ನದೊಂದು ತುಂಡಾದ್ರೂ ತವರಿಗೆ ಬಂದು ಕೂತಿತು. ಚೆಂದ ನೋಡಿಕೋ ಆಯ್ತಾ?"

ಆಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಅವಳ ಮೊದಲ ಪ್ರಶ್ನೆ, "ನನ್ನವಳು ಹೇಗಿದ್ದಾಳೆ?" ನಾನು ಚೆನ್ನಾಗಿದ್ದೇನಾ ಇಲ್ಲವಾ ಎನ್ನುವುದು ಎರಡನೇ ಪ್ರಶ್ನೆ. ನಾನು ಚೆಂದವೇ ನೋಡಿಕೊಂಡೆ. ಮಾತ್ರೆಯ ಹೊತ್ತಿಗೆ ಮೊಬೈಲು ಕಿರುಚಿದರೆ, ದೇವಸ್ಥಾನದಲ್ಲಿ ಮಂಗಳಾರತಿ ನಡೆಯುತ್ತಿದ್ದರೂ ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಆ ಸಲ ಚಳಿ ಇಳಿಯುವ ಹೊತ್ತಿಗೆ, ಗಡ್ಡ ಹೆರೆಯುವಾಗ ಕಿವಿಯ ಕೆಳಗೆ ಏನೋ ಕೈಗೆ ಸಿಕ್ಕಿತು. ಕಡಲೆಕಾಳಿನಷ್ಟು. ವಾರ ಕಳೆಯುವಷ್ಟರಲ್ಲಿ ನೆಲ್ಲಿಕಾಯಿಯಷ್ಟು. ಬೆವರಿ ಬೆವರಿ ಬನಿಯನ್ ಒದ್ದೆ, ತೂಕ ಇಳಿದು ಪ್ಯಾಂಟು ಸಡಿಲ. "ಉಷ್ಣ ಆಗಿದೆ ರೀ, ಕಾಫಿ ಬಿಡಿ, ಮಜ್ಜಿಗೆ ಕುಡೀರಿ" ಅಂದಳು ವೀಣಾ. ನಮ್ಮಲ್ಲಿ ಕಾಲು ಮುರಿದರೂ ಮೊದಲು ಉಷ್ಣವೇ. ಯುಗಾದಿಯ ಪಾಟ್‌ಲಕ್ ಊಟದಲ್ಲಿ ಸಿಕ್ಕಿದವರೆಲ್ಲ ಬೆನ್ನು ತಟ್ಟಿದರು. "ಏನ್ ಸಾರ್, ಕೀಟೋ ಡಯಟ್ಟಾ? ಹತ್ತು ವರ್ಷ ಚಿಕ್ಕೋರಾಗಿ ಕಾಣ್ತೀರಾ!" ನಾನೂ ಪೆದ್ದನ ಹಾಗೆ ಹಲ್ಲುಕಿರಿದು ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದೆ.

ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಹೇಳುವ ದಿನ ರೂಮಿಗೆ ಇಬ್ಬರು ಡಾಕ್ಟರು ಬಂದರು. ಒಬ್ಬರು ನನ್ನ ಹಳೆಯ ಕಿಡ್ನಿ ಡಾಕ್ಟರಮ್ಮ, ಇನ್ನೊಬ್ಬರು ಉದ್ದಕ್ಕಿದ್ದ ಅಪರಿಚಿತರು. ಒಂದೇ ರೂಮಿಗೆ ಇಬ್ಬರು ಡಾಕ್ಟರು ಒಟ್ಟಿಗೆ ಬಂದರೆ ಒಳ್ಳೆಯ ಸುದ್ದಿ ಇರುವುದಿಲ್ಲ ಎಂದು ಅವರು ಬಾಯಿ ತೆರೆಯುವ ಮೊದಲೇ ನನಗೆ ಹೊಳೆಯಿತು. ಲಿಂಫೋಮಾ, ಒಂದು ಬಗೆಯ ಕ್ಯಾನ್ಸರ್ ಅಂದರು. ಕುತ್ತಿಗೆಯಲ್ಲಿ, ಎದೆಯಲ್ಲಿ, ಹೊಟ್ಟೆಯಲ್ಲಿ, ಎಲ್ಲ ಕಡೆ ಇದೆ ಅಂದರು.

ಹೇಗೆ ಬಂತು ಎಂದು ಕೇಳಿದ್ದು ವೀಣಾ. ಕಿಡ್ನಿ ಡಾಕ್ಟರಮ್ಮ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಧಾನವಾಗಿ ಹೇಳಿದರು. ಅಕ್ಕನ ಕಿಡ್ನಿಯನ್ನು ನನ್ನ ಮೈ ಹೊರಗಿನದೆಂದು ಒದ್ದೋಡಿಸಬಾರದು, ಅದಕ್ಕೇ ಇಷ್ಟು ವರ್ಷ ಮಾತ್ರೆ ಕೊಟ್ಟು ಮೈಯ ಕಾವಲುಗಾರರನ್ನು ಮಲಗಿಸಿ ಇಟ್ಟಿದ್ದರು. ಕಾವಲಿಲ್ಲದ ಮನೆಗೆ ಇದು ನುಗ್ಗಿದೆ. ಈಗ ಕೀಮೋ ಕೊಡಬೇಕು, ಜೊತೆಗೆ ಕಾವಲುಗಾರರನ್ನೂ ಎಬ್ಬಿಸಬೇಕು, ಅಂದರೆ ಆ ಮಾತ್ರೆಗಳನ್ನು ಇಳಿಸಬೇಕು. ಎದ್ದವರು ಕ್ಯಾನ್ಸರನ್ನು ಹೊಡೆಯುತ್ತಾರೆ. ಹಾಗೇ ಕಿಡ್ನಿಯನ್ನೂ ಹೊಡೆಯಬಹುದು.

ಮಗಳು ಅನಘಾ ಆಗ ಹೈಸ್ಕೂಲಿನ ಮೂರನೇ ವರ್ಷ. ಮನೆಗೆ ಬಂದು ಹೇಳಿದಾಗ ಡೈನಿಂಗ್ ಟೇಬಲ್ಲಿನ ಮೇಲೆ ಗಲ್ಲ ಊರಿ ಕೂತು ಎಲ್ಲ ಕೇಳಿದಳು. ಆಮೇಲೆ, "ಸೋ ಅಪ್ಪಾ, ಇಟ್ಸ್ ಐದರ್ ಯೂ, ಆರ್ ದ ಕಿಡ್ನಿ?" ಅಂದಳು. ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ನನ್ನ ಕೈ ಟೇಬಲ್ಲಿನ ಕೆಳಗೆ ಹೊಟ್ಟೆಯ ಮೇಲಿತ್ತು.

ಅಕ್ಕನಿಗೆ ಹೇಗೆ ಹೇಳಲಿ? ಕ್ಯಾನ್ಸರ್ ಎಂದು ಹೇಳಲು ನನಗೆ ಕಷ್ಟವಾಗಲಿಲ್ಲ, ನೀನು ಕೊಟ್ಟದ್ದು ಉಳಿಯಲಿಕ್ಕಿಲ್ಲ ಎಂದು ಹೇಳಲು ನಾಲಗೆಯೇ ಏಳಲಿಲ್ಲ. ಭಾನುವಾರ ಫೋನ್ ಬಂತು. "ನನ್ನವಳು ಹೇಗಿದ್ದಾಳೆ?" ನಾನು ಗಳಗಳ ಅತ್ತುಬಿಟ್ಟೆ. ಫೋನನ್ನು ವೀಣಾ ತೆಗೆದುಕೊಂಡು ಎಲ್ಲ ಹೇಳಿದಳು. ಆ ಕಡೆ ಯಾರದೋ ಹೊಲಿಗೆ ಮಿಷನ್ ಓಡುತ್ತಿತ್ತು. ಕಡೆಗೆ ಅಕ್ಕ ಅಂದಳು: "ಅವನು ಇದ್ರೆ ತಾನೆ ಕಿಡ್ನಿ? ಅವನಿಗೆ ಹೇಳು, ಮೊದಲು ಅವನು ಉಳೀಲಿ ಅಂತ." ಮತ್ತೆ ಅವಳೇ, "ಆದ್ರೂ ನೋಡುವ. ಎರಡನ್ನೂ ಉಳಿಸ್ಲಿಕ್ಕೆ ಆಗುದಿಲ್ವಾ ನೋಡುವ. ನಾನು ಬರ್ತೇನೆ."

ಬಂದಳು. ಸೂಟ್‌ಕೇಸ್ ಬಿಚ್ಚಿದರೆ ಅವಳ ಬಟ್ಟೆ ಒಂದು ಮೂಲೆಯಲ್ಲಿ, ಉಳಿದದ್ದೆಲ್ಲ ಕುಚ್ಚಲಕ್ಕಿ, ಪುನರ್ಪುಳಿ ಸಿಪ್ಪೆ, ಹುರಿದು ಪುಡಿ ಮಾಡಿದ ಕೊತ್ತಂಬರಿ ಜೀರಿಗೆ, ಹಳೆ ಸೀರೆಯ ತುಂಡಿನಲ್ಲಿ ಕಟ್ಟಿದ ಏನೇನೋ ಕಡ್ಡಿಗಳು. ಮರುದಿನದಿಂದ ನಮ್ಮ ಅಡುಗೆಮನೆ ಅವಳ ಕೈಗೆ ಹೋಯಿತು. ಅಮ್ಮ ಇದ್ದ ಕಾಲದಲ್ಲಿ ಅಕ್ಕ ತವರಿಗೆ ಬಂದಳೆಂದರೆ ಒಂದು ಲೋಟ ಎತ್ತಿಡಲೂ ಅಮ್ಮ ಬಿಡುತ್ತಿರಲಿಲ್ಲ. "ಅಲ್ಲಿ ದುಡಿದದ್ದು ಸಾಲದಾ, ಇಲ್ಲಿ ಬಿದ್ದುಕೋ" ಎಂದು ಚಾಪೆ ಹಾಸಿ ಕೊಡುತ್ತಿದ್ದರು. ಇಲ್ಲಿ ನೋಡಿದರೆ ಬೆಳಿಗ್ಗೆ ನಾನು ಕಣ್ಣು ಬಿಡುವ ಮೊದಲೇ ಕುಕ್ಕರ್ ಸೀಟಿ. ತವರಿಗೆ ಬಂದವರು ಹೀಗೆ ಗೇಯುತ್ತಾರಾ ಎಂದು ನಾನು ಬೈದರೆ, ಒಗ್ಗರಣೆ ಸೌಟು ತೋರಿಸಿ ಹೆದರಿಸುತ್ತಿದ್ದಳು. ನಾವಿಬ್ಬರೇ ಇದ್ದರೆ ತುಳು. ವೀಣಾ ಮೈಸೂರಿನವಳು, ಅವಳು ಬಂದ ಕೂಡಲೇ ಅಕ್ಕನ ಉಡುಪಿ ಕನ್ನಡ ಶುರು.

ಕೀಮೋ ಕೊಡುವುದು ಮೂರು ವಾರಕ್ಕೊಮ್ಮೆ. ದೊಡ್ಡ ಹಾಲ್, ಸುತ್ತ ಒರಗುಕುರ್ಚಿಗಳು, ಎಲ್ಲರ ತಲೆಯ ಮೇಲೂ ಒಂದೊಂದು ಚೀಲ ನೇತಾಡುತ್ತಿರುತ್ತದೆ. ಯಾರೂ ಯಾರ ಮುಖವನ್ನೂ ನೇರ ನೋಡುವುದಿಲ್ಲ, ಎಲ್ಲರೂ ಎಲ್ಲರ ಚೀಲವನ್ನು ನೋಡುತ್ತಾರೆ. ನನ್ನ ನರ್ಸ್ ಹೆಸರು ಗ್ರೇಸ್. ಒಳಗೆ ಬಿಸಿ ಮಾಡಿಟ್ಟ ಕಂಬಳಿ ತಂದು ಕಾಲಿನ ಮೇಲೆ ಹೊದೆಸಿ, ಅದರ ಅಂಚನ್ನು ಪಾದದ ಅಡಿಗೆ ಸಿಕ್ಕಿಸುತ್ತಿದ್ದಳು. ಆ ಐದು ನಿಮಿಷದ ಬಿಸಿಗೋಸ್ಕರ ಅಲ್ಲಿಗೆ ಹೋಗಬಹುದು ಅನಿಸುತ್ತಿತ್ತು. ಆಮೇಲೆ ಅದೇ ಪ್ರಶ್ನೆಗಳು. ಜ್ವರ ಇದೆಯಾ, ವಾಂತಿ ಆಯಿತಾ, ಹರ್ಬಲ್ ಅಥವಾ ಸಪ್ಲಿಮೆಂಟ್ ಏನಾದರೂ ತೆಗೆದುಕೊಳ್ಳುತ್ತೀರಾ? ನೋ, ನೋ, ನೋ.

ಒಂದು ಔಷಧಿ ಮಾತ್ರ ಚೀಲದಲ್ಲಿ ಬರುವುದಿಲ್ಲ. ಗ್ರೇಸ್ ಮೈತುಂಬ ನೀಲಿ ಗೌನು, ಎರಡೆರಡು ಗ್ಲೌಸು ಹಾಕಿಕೊಂಡು, ಕೆಂಪು ದ್ರವ ತುಂಬಿದ ದಪ್ಪ ಸಿರಿಂಜನ್ನು ಹಿಡಿದು ಪಕ್ಕದಲ್ಲಿ ಕೂತು ತಾನೇ ನಿಧಾನವಾಗಿ ತಳ್ಳುತ್ತಾಳೆ. ಅವಳ ಚರ್ಮಕ್ಕೆ ಒಂದು ಹನಿ ತಾಗಬಾರದಂತೆ. ನನ್ನ ರಕ್ತದೊಳಗೆ ಮಾತ್ರ ಪೂರ್ತಿ ಹೋಗಬೇಕಂತೆ. ಬಾಯಿ ಹುಣ್ಣಾಗದಿರಲಿ ಎಂದು ಅಷ್ಟೂ ಹೊತ್ತು ಐಸ್ ಜಗಿಯಬೇಕು. ಪಕ್ಕದ ಕುರ್ಚಿಯಲ್ಲಿ ಅಕ್ಕ, ಸೀರೆಯ ಮೇಲೆ ಅನಘಾಳ ಸ್ಕೂಲ್ ಹೂಡಿ ಜಾಕೆಟ್ಟು, ಕಾಲಿಗೆ ಸ್ನೀಕರ್ಸ್, ಕಪ್ಪಿನಿಂದ ಒಂದೊಂದೇ ಐಸ್ ಚೂರು ತೆಗೆದು ನನ್ನ ಬಾಯಿಗೆ ಹಾಕುತ್ತಿದ್ದಳು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಹೀಗೇ ದಾಳಿಂಬೆ ಕಾಳು ಹಾಕುತ್ತಿದ್ದಳು.

ಮೊದಲ ದಿನ ಮನೆಗೆ ಬಂದು ಬಾತ್‌ರೂಮಿಗೆ ಹೋದವನು ಕಿರುಚಿಬಿಟ್ಟೆ. ಕಮೋಡಿನಲ್ಲಿ ಕೆಂಪು ಕೆಂಪು. ಅಯ್ಯೋ ಹೋಯಿತು, ಒಂದೇ ದಿನಕ್ಕೆ ಅಕ್ಕನ ಕಿಡ್ನಿ ರಕ್ತ ಕಾರುತ್ತಿದೆ ಎಂದು ಗೋಡೆ ಹಿಡಿದು ಕುಸಿದೆ. ಬಾಗಿಲ ಹೊರಗೆ ಅಕ್ಕ, "ಎಂತ ಆಯ್ತು, ಬಾಗಿಲು ತೆಗಿ, ನಾನು ನಿನ್ನ ಚಡ್ಡಿ ತೊಳೆದವಳು, ನಾಚಿಕೆ ಎಂತದ್ದು!" ಎಂದು ಬಡಿಯುತ್ತಿದ್ದಳು. ಆ ಕೆಂಪು ಔಷಧಿಯ ಬಣ್ಣ ಮೂತ್ರದಲ್ಲಿ ಬರುತ್ತದೆ ಎಂದು ಗ್ರೇಸ್ ಎರಡು ಸಲ ಹೇಳಿದ್ದಳಂತೆ. ನನ್ನ ತಲೆಗೆ ಹೋಗಿರಲಿಲ್ಲ, ಜೊತೆಗಿದ್ದ ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ವೀಣಾ ಫೋನ್ ಮಾಡಿ ಕೇಳಿ ಖಚಿತಪಡಿಸಿಕೊಳ್ಳುವವರೆಗೆ ಅಕ್ಕ ತಮ್ಮ ಇಬ್ಬರೂ ಬಾತ್‌ರೂಮಿನ ನೆಲದ ಮೇಲೆ ಕೂತಿದ್ದೆವು. ಅವಳ ಕೈ ನನ್ನ ಹೊಟ್ಟೆಯ ಮೇಲಿತ್ತು.

ಎರಡನೇ ಕೀಮೋ ಆದ ಮೇಲೆ ಕೂದಲು ದಿಂಬಿನ ಮೇಲೆ ಉಳಿಯಿತು. ಬಾಯಿಯೊಳಗೆ ಹುಣ್ಣು, ಗಂಟಲವರೆಗೂ ಹುಣ್ಣು, ನೀರು ಕುಡಿದರೆ ಗಾಜಿನ ಚೂರು ನುಂಗಿದ ಹಾಗೆ. ಈಸ್ಟ್ ಬ್ರನ್ಸ್‌ವಿಕ್‌ನಿಂದ, ಎಡಿಸನ್‌ನಿಂದ ಸ್ನೇಹಿತರು ಅಲ್ಯೂಮಿನಿಯಂ ಟ್ರೇಗಳಲ್ಲಿ ಬಿಸಿಬೇಳೆಬಾತು, ಚಿತ್ರಾನ್ನ ತಂದು ಬಾಗಿಲಲ್ಲಿಟ್ಟು ಬೆಲ್ ಮಾಡಿ ಹೋಗುತ್ತಿದ್ದರು. ಒಳಗೆ ಬಂದರೆ ನನಗೆ ಸೋಂಕು. ಕಿಟಕಿಯಿಂದ ಕೈ ಬೀಸುತ್ತಿದ್ದೆ. ಅವರ ಪುಣ್ಯ, ಅನಘಾ ಮತ್ತು ವೀಣಾ ಉಣ್ಣುತ್ತಿದ್ದರು. ನನಗೆ ಅಕ್ಕನ ಗಂಜಿ ತಿಳಿ.

ಮೂರನೆಯದಕ್ಕೆ ಹೋಗುವ ದಿನ ಆಸ್ಪತ್ರೆಯ ಪಾರ್ಕಿಂಗ್ ಲಾಟಿನಲ್ಲಿ ನಾನು ಕಾರಿನಿಂದ ಇಳಿಯಲಿಲ್ಲ. "ಸಾಕು ವೀಣಾ. ಹೇಗೂ ಸಾಯ್ತೀನಿ. ಕಿಡ್ನಿಯನ್ನಾದ್ರೂ ಚೆನ್ನಾಗಿ ಇಟ್ಕೊಂಡು ಸಾಯ್ತೀನಿ. ತಿರುಗಿಸು ಗಾಡಿ" ಅಂದೆ. ಅದು ಬಾಯಿಮಾತಲ್ಲ. ನಿಜವಾಗಿಯೂ ಹಾಗೇ ಅನಿಸಿತ್ತು. ಬೆಳಿಗ್ಗೆ ಎದ್ದರೆ ಸಂಜೆವರೆಗೆ ಹೇಗೆ ಬದುಕುವುದು ಎಂದು ಗೊತ್ತಾಗದ ದಿನಗಳು ಅವು. ವೀಣಾ ಎಂಜಿನ್ ಆಫ್ ಮಾಡಿ, ಸ್ಟೀರಿಂಗ್ ಹಿಡಿದುಕೊಂಡೇ ಅತ್ತಳು. ಮದುವೆಯಾದಾಗಿನಿಂದ ಅವಳು ಹಾಗೆ ದನಿ ತೆಗೆದು ಅತ್ತದ್ದು ನಾನು ನೋಡಿರಲಿಲ್ಲ. "ಅತ್ತಿಗೆಗೆ ಅಡುಗೆ ಇದೆ. ಡಾಕ್ಟರಿಗೆ ಔಷಧಿ ಇದೆ. ನಂಗೇನಿದೆ? ಕರ್ಕೊಂಡ್ ಬರೋದು, ಕರ್ಕೊಂಡ್ ಹೋಗೋದು. ಇದೊಂದನ್ನೂ ನನ್ನ ಕೈಯಿಂದ ಕಿತ್ಕೋಬೇಡಿ ರೀ." ಇಳಿದೆ. ಬೇರೆ ದಾರಿ ಇರಲಿಲ್ಲ.

ಅವತ್ತು ಉದ್ದ ಡಾಕ್ಟರು, ಅಂದರೆ ಕ್ಯಾನ್ಸರಿನವರು, ಸ್ಕ್ಯಾನ್ ತೋರಿಸಿದರು. ಗಂಟುಗಳು ಅರ್ಧಕ್ಕಿಳಿದಿದ್ದವು. ನಿಮ್ಮದೇ ಇಮ್ಯುನಿಟಿ ಎದ್ದು ನಮ್ಮ ಪರವಾಗಿ ಕೆಲಸ ಮಾಡುತ್ತಿದೆ, ಅದು ಹೀಗೇ ಮೇಲೆ ಬರಬೇಕು ಅಂದರು. ಸಂಜೆ ಅನಘಾ ಇದನ್ನು ತನ್ನ ಕನ್ನಡದಲ್ಲಿ ಅತ್ತೆಗೆ ವರದಿ ಮಾಡಿದಳು. "ಅತ್ತೆ, ಅಪ್ಪಂಗೆ ಇಮ್ಯುನಿಟಿ ಜಾಸ್ತಿ ಬೇಕು. ದಟ್ಸ್ ಆಲ್. ಇಮ್ಯುನಿಟಿ ಬಂದ್ರೆ ಕ್ಯಾನ್ಸರ್ ಹೋಗತ್ತೆ."

ಇಮ್ಯುನಿಟಿ ಎನ್ನುವ ಪದ ಅಕ್ಕನಿಗೆ ಕೊರೊನಾ ಕಾಲದಿಂದ ಬಾಯಿಪಾಠ. ಆಗ ಊರಿಗೆ ಊರೇ ಅಮೃತಬಳ್ಳಿ ಕುದಿಸಿ ಕುಡಿದಿತ್ತಲ್ಲ. ಸೀರೆಯ ಗಂಟಿನಲ್ಲಿದ್ದ ಕಡ್ಡಿಗಳು ಅದೇ. ಅವಳ ಹಿತ್ತಿಲ ಗೇರುಮರಕ್ಕೆ ಹಬ್ಬಿದ ಬಳ್ಳಿ, ಕುಯ್ದು ಒಣಗಿಸಿ ತಂದದ್ದು. ಮರುದಿನ ಬೆಳಗಿನಿಂದ ನನ್ನ ಕಷಾಯ ಕಹಿಯಾಯಿತು.

ಕಷಾಯ ಅಂದರೆ ಬೇರೆ ಕಡೆಯವರಿಗೆ ಔಷಧಿ. ನಮ್ಮ ಕಡೆ ಅದು ಬೆಳಗಿನ ಕಾಫಿಯ ಜಾಗದಲ್ಲಿ ಕೂತಿರುವ ವಸ್ತು. ಕೊತ್ತಂಬರಿ, ಜೀರಿಗೆ, ಹಾಲು, ಬೆಲ್ಲ. ನೆಂಟರು ಬಂದರೆ "ಕಾಫಿಯಾ ಕಷಾಯವಾ" ಎಂದು ಕೇಳುತ್ತೇವೆ. ಅದಕ್ಕೆ ಅಕ್ಕ ಎರಡು ಕಡ್ಡಿ ಜಜ್ಜಿ ಸೇರಿಸಿದ್ದಳು, ಅಷ್ಟೇ. ಸಣ್ಣ ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಲೋಟಕ್ಕೆ ಸೋಸಿ, ನಾನು ಪೂರ್ತಿ ಕುಡಿಯುವವರೆಗೆ ಎದುರು ನಿಂತಿರುತ್ತಿದ್ದಳು. ಕಹಿಗೆ ಮುಖ ಹಿಂಡಿದರೆ ಅವಳ ಮುಖ ಅರಳುತ್ತಿತ್ತು. ಬಂದಾಗಿನಿಂದ ಮೊದಲ ಸಲ ಅವಳು ಗುನುಗುನು ಹಾಡಿಕೊಳ್ಳುವುದನ್ನು ಕೇಳಿದೆ. ನಾನು ಹೇಗೆ ಬೇಡ ಅನ್ನಲಿ? ಗ್ರೇಸ್ ಮತ್ತೆ ಕೇಳಿದಳು: ಹರ್ಬಲ್, ಸಪ್ಲಿಮೆಂಟ್? ನೋ ಅಂದೆ. ನಾನು ಸುಳ್ಳು ಹೇಳಲಿಲ್ಲ. ಸಾರಿಗೆ ಹಾಕುವ ಇಂಗನ್ನು ಯಾರಾದರೂ ಸಪ್ಲಿಮೆಂಟ್ ಅನ್ನುತ್ತಾರಾ? ಪಕ್ಕದಲ್ಲೇ ಕೂತಿದ್ದ ಅಕ್ಕ ಐಸ್ ಕಪ್ಪು ಹಿಡಿದುಕೊಂಡು ಗ್ರೇಸ್ ಕಡೆ ನೋಡಿ ನಕ್ಕಳು, ಗ್ರೇಸೂ ನಕ್ಕಳು.

ನಾಲ್ಕನೆಯದು ಮುಗಿದು ಕೆಲವು ದಿನಕ್ಕೆ ಕಾಲು ಊದಿತು. ಮೂತ್ರ ಕಡಿಮೆಯಾಯಿತು. ಹೊಟ್ಟೆಯ ಉಬ್ಬು ಮುಟ್ಟಿದರೆ ನೋವು, ಬಿಸಿ. ಜ್ವರ. ಅಕ್ಕ ದಿನವೂ ಕೇಳುತ್ತಿದ್ದ "ಮೂತ್ರ ಹೋಯ್ತಾ" ಎನ್ನುವ ಪ್ರಶ್ನೆಗೆ ನಾನು ಹೋಯ್ತು ಹೋಯ್ತು ಎಂದು ಹಾರಿಕೆಯ ಉತ್ತರ ಕೊಟ್ಟೆ. ಎರಡನೇ ದಿನ ಅವಳು ನನ್ನ ಕಣಕಾಲನ್ನು ಬೆರಳಿನಿಂದ ಒತ್ತಿ, ಉಳಿದ ಗುಳಿ ನೋಡಿ ವೀಣಾಳನ್ನು ಕೂಗಿದಳು.

ಆಸ್ಪತ್ರೆಗೆ ಸೇರಿಸಿಕೊಂಡರು. ಕಿಡ್ನಿಯಿಂದ ಚೂರು ತೆಗೆದು ನೋಡಿದರು. ಮೈ ಅದನ್ನು ಒದೆಯಲು ಶುರುಮಾಡಿದೆ, ಜೋರಾಗಿ ಒದೆಯುತ್ತಿದೆ ಅಂದರು. ಮಧ್ಯಾಹ್ನ ಒಬ್ಬ ಚಿಕ್ಕ ಪ್ರಾಯದ ಡಾಕ್ಟರು ಬಂದು ಕುರ್ಚಿ ಎಳೆದುಕೊಂಡು ಕೂತರು. ಸಪ್ಲಿಮೆಂಟ್ ಎಂದು ಅವರು ಕೇಳಲಿಲ್ಲ. ಬೆಳಿಗ್ಗೆ ಎದ್ದ ಮೇಲೆ ರಾತ್ರಿ ಮಲಗುವವರೆಗೆ ನಿಮ್ಮ ಬಾಯಿಗೆ ಏನೇನು ಹೋಗುತ್ತದೆ, ಒಂದೊಂದಾಗಿ ಹೇಳಿ ಅಂದರು. ನನಗೆ ಮಾತಾಡಲು ಉಸಿರಿರಲಿಲ್ಲ. ವೀಣಾ ಹೇಳತೊಡಗಿದಳು. ಎದ್ದ ಕೂಡಲೇ ಬಿಸಿನೀರು, ಆಮೇಲೆ ಕಷಾಯ, ಆಮೇಲೆ ಗಂಜಿ…

ಕಷಾಯದಲ್ಲಿ ಏನಿರುತ್ತದೆ? ಕೊತ್ತಂಬರಿ, ಜೀರಿಗೆ, ಅಮೃತಬಳ್ಳಿ. ಅದು ಏನು, ಇಂಗ್ಲಿಷಿನಲ್ಲಿ ಏನು? ವೀಣಾ ಫೋನಿನಲ್ಲಿ ಹುಡುಕಿ ತೋರಿಸಿದಳು. ಅವರು ಓದಿದರು. ಮತ್ತೊಮ್ಮೆ ಓದಿದರು. "ಇದು ಇಮ್ಯೂನ್ ಸಿಸ್ಟಮನ್ನು ಎಬ್ಬಿಸುತ್ತದೆ ಎನ್ನುತ್ತಾರೆ. ಕಸಿ ಮಾಡಿಸಿಕೊಂಡವರು ಮುಟ್ಟಲೇಬಾರದು" ಎಂದು ಬಹಳ ಮೆಲ್ಲಗೆ ಹೇಳಿದರು.

ಇದರಿಂದಲೇ ಹೀಗಾಯಿತಾ ಎಂದು ವೀಣಾ ಕೇಳಿದಳು. ಹೇಳಲಿಕ್ಕಾಗುವುದಿಲ್ಲ ಅಂದರು. ಮಾತ್ರೆ ಇಳಿಸಿದ್ದರಿಂದಲೇ ಆಗಿರಬಹುದು, ಹಾಗಾಗಬಹುದೆಂದು ಮೊದಲೇ ಗೊತ್ತಿತ್ತು. ಇದೂ ಒಂದು ಕೈ ಸೇರಿಸಿರಬಹುದು. ಇಲ್ಲದೆಯೂ ಇರಬಹುದು. ಯಾವ ಪರೀಕ್ಷೆಯೂ ಅದನ್ನು ಬಿಡಿಸಿ ಹೇಳಲಾರದು.

ಅಕ್ಕ ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ಅಷ್ಟೂ ಇಂಗ್ಲಿಷಿನಲ್ಲಿ ಅವಳಿಗೆ ಅರ್ಥವಾದದ್ದು ವೀಣಾಳ ಬಾಯಿಂದ ಬಂದ ಅಮೃತಬಳ್ಳಿ ಎನ್ನುವ ಒಂದು ಪದ, ಅದನ್ನು ಕೇಳಿದ ಮೇಲೆ ಬದಲಾದ ಮೂವರ ಮುಖ. ಅವಳು ನನ್ನನ್ನು ನೋಡಿದಳು. ನಾನು ಟೀವಿ ನೋಡಿದೆ, ಅದು ಆನ್ ಆಗಿರಲಿಲ್ಲ.

ನನಗೆ ಸಿಟ್ಟು ಬಂದಿತ್ತು. ಯಾಕೆ ಮುಚ್ಚಿಡಲಿ, ಅಕ್ಕನ ಮೇಲೆಯೇ ಬಂದಿತ್ತು. ಕೊಟ್ಟ ಕೈಯಿಂದಲೇ ಕಿತ್ತುಕೊಂಡೆಯಲ್ಲೇ ಮಾರಾಯ್ತಿ ಎಂದು ಒಳಗೊಳಗೇ ಕೂಗಿದೆ. ಮರುಕ್ಷಣ ಹಾಗೆ ಅನಿಸಿದ್ದಕ್ಕೆ ನನ್ನನ್ನೇ ಹೊಡೆದುಕೊಳ್ಳುವಂತಾಯಿತು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ನನಗೆ ಬರುತ್ತದೆ. ಮಾತ್ರೆಯ ಕಂಪನಿಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನಿಗೆ ಹೊಳೆಯದ್ದು ಹೊಲಿಗೆ ಟೀಚರಿಗೆ ಹೊಳೆಯಬೇಕಿತ್ತಾ?

ಕಿಡ್ನಿ ಉಳಿಸಲು ಏನೇನು ಮಾಡಬಹುದೋ ಮಾಡಿದರು. ದಪ್ಪ ದಪ್ಪ ಡೋಸಿನಲ್ಲಿ ಸ್ಟೀರಾಯ್ಡ್ ಹರಿಸಿದರು. ಅದಕ್ಕಿಂತ ಜೋರಿನ ಔಷಧಿ ಕೊಟ್ಟರೆ ಕ್ಯಾನ್ಸರ್ ಮತ್ತೆ ಎದ್ದು ಕೂರುತ್ತದೆ ಎಂದು ಇಬ್ಬರೂ ಡಾಕ್ಟರು ಕೈಚೆಲ್ಲಿದರು. ನಾನು ಕಿಡ್ನಿ ಡಾಕ್ಟರಮ್ಮನ ಕೈ ಹಿಡಿದುಕೊಂಡು, ಇನ್ನೊಂದು ವಾರ ನೋಡಿ, ಇನ್ನೊಂದೇ ವಾರ ಎಂದು ಬೇಡಿಕೊಂಡೆ. ಅವರು ಒಪ್ಪಿದರು. ಆ ವಾರ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಹೊಟ್ಟೆಯ ಮೇಲೆ ಕೈಯಿಟ್ಟು ಅದರ ಹತ್ತಿರ ಮಾತಾಡಿದೆ. ಸ್ವಲ್ಪ ತಾಳಿಕೋ, ಅವಳು ಊರಿಗೆ ಹೋಗುವವರೆಗಾದರೂ ತಾಳಿಕೋ ಅಂದೆ. ತಾಳಲಿಲ್ಲ. ಡಯಾಲಿಸಿಸ್ ಶುರುವಾಯಿತು.

ಮನೆಗೆ ಬಂದ ಮೊದಲ ಬೆಳಿಗ್ಗೆ ಟೇಬಲ್ಲಿನ ಮೇಲೆ ಬಿಸಿನೀರು ಮಾತ್ರ ಇತ್ತು. ಕಷಾಯ ಮಾಡಬೇಡ ಎಂದು ನಮ್ಮಲ್ಲಿ ಯಾರೂ ಅಕ್ಕನಿಗೆ ಹೇಳಿರಲಿಲ್ಲ. ಸಣ್ಣ ಸ್ಟೀಲ್ ಪಾತ್ರೆ ತಿಕ್ಕಿ ತೊಳೆದು ಮೇಲಿನ ಶೆಲ್ಫಿನಲ್ಲಿ ಬೋರಲು ಹಾಕಿತ್ತು. ಸೀರೆಯ ಗಂಟು ಎಲ್ಲೂ ಕಾಣಲಿಲ್ಲ. ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಊಟ ಬಡಿಸುತ್ತಿದ್ದಳು, ಐಸ್ ಚೂರು ಬಾಯಿಗೆ ಹಾಕುತ್ತಿದ್ದಳು, ಆದರೆ "ಮೂತ್ರ ಹೋಯ್ತಾ" ಎಂದು ಕೇಳುವುದನ್ನು ಬಿಟ್ಟಿದ್ದಳು. ಮನೆಯಲ್ಲಿ ಆ ಪ್ರಶ್ನೆ ಇಲ್ಲದ್ದು ನನಗೆ ತಡೆಯಲಾಗಲಿಲ್ಲ. ಒಂದು ದಿನ ಅನಘಾ, "ಅತ್ತೆ ಡಸಂಟ್ ಸಿಂಗ್ ಎನಿಮೋರ್" ಅಂದಳು. ಇಮ್ಯುನಿಟಿ ಬೇಕು ಎಂದು ಹೇಳಿದವಳು ತಾನು ಎಂದು ಆ ಮಗು ಒಳಗೇ ಬೇಯುತ್ತಿದ್ದದ್ದು ನಮಗೆ ಆಮೇಲೆ ಗೊತ್ತಾಯಿತು. ಅವಳನ್ನು ತಬ್ಬಿಕೊಂಡು ಸಮಾಧಾನ ಹೇಳುವುದು ನನಗೆ ಸುಲಭವಾಗಿತ್ತು. ಅಕ್ಕನಿಗೆ ಅದೇ ಮಾತು ಹೇಳಲು ಬಾಯಿ ಬರಲಿಲ್ಲ.

ಉಳಿದ ಕೀಮೋಗಳೂ ಮುಗಿದವು. ಒಂದು ದಿನ ಡಯಾಲಿಸಿಸ್ ಕುರ್ಚಿಯಲ್ಲಿ ಕೂತಿದ್ದಾಗ ಉದ್ದ ಡಾಕ್ಟರ ಫೋನ್ ಬಂತು. ಸ್ಕ್ಯಾನಿನಲ್ಲಿ ಕ್ಯಾನ್ಸರಿನ ಗುರುತು ಕಾಣುತ್ತಿಲ್ಲ ಅಂದರು. ಒಂದು ಕೈಯಲ್ಲಿ ಫೋನು, ಎದೆಗೆ ಹಾಕಿದ ಕೊಳವೆಯಲ್ಲಿ ರಕ್ತ ಹೊರಗೆ ಹೋಗಿ ಒಳಗೆ ಬರುತ್ತಿದೆ, ಪಕ್ಕದವರ ಟೀವಿಯಲ್ಲಿ ಯಾರೋ ಬಹುಮಾನ ಗೆದ್ದು ಕುಣಿಯುತ್ತಿದ್ದಾರೆ. ನನಗೆ ಸಂತೋಷವಾಗಲಿಲ್ಲ ಅಂದರೆ ದೇವರು ಮೆಚ್ಚುವುದಿಲ್ಲ. ಆದರೆ ಆದದ್ದು ಸಂತೋಷವೇ ಎಂದೂ ಹೇಳಲಾರೆ. ಕೀಮೋ ಮುಗಿಸಿದವರು ಹಾಲಿನಲ್ಲಿರುವ ಗಂಟೆ ಬಾರಿಸುವುದು ಅಲ್ಲಿನ ಪದ್ಧತಿ. ಗ್ರೇಸ್ ಕರೆದಳು. ನಾನು ಬಾರಿಸಲಿಲ್ಲ. ಅವಳು ಒತ್ತಾಯ ಮಾಡದೆ ಬಿಸಿ ಕಂಬಳಿಯೊಂದನ್ನು ಸುತ್ತಿ ನನ್ನ ಕೈಗೆ ಕೊಟ್ಟು, ಮನೆಗೆ ತೆಗೆದುಕೊಂಡು ಹೋಗು ಅಂದಳು. ಕಾರಿಗೆ ಬರುವಷ್ಟರಲ್ಲಿ ಅದು ತಣ್ಣಗಾಗಿತ್ತು.

ವೀಸಾದಲ್ಲಿ ಅಕ್ಕನಿಗೆ ಇಲ್ಲಿರಲು ಕೊಟ್ಟಿದ್ದ ಆರು ತಿಂಗಳು ಮುಗಿಯುತ್ತ ಬಂದಿತ್ತು. ಹೊರಡುವ ಮುನ್ನಾ ದಿನ ಮಧ್ಯಾಹ್ನ. ವೀಣಾ ಕೆಲಸಕ್ಕೆ, ಅನಘಾ ಸ್ಕೂಲಿಗೆ ಹೋಗಿದ್ದರು. ನಾನು ಸೋಫಾದಲ್ಲಿ ಮಲಗಿದ್ದೆ. ಅಕ್ಕ ಕೆಳಗೆ ಕಾರ್ಪೆಟ್ಟಿನ ಮೇಲೆ ಕೂತು, ಸಡಿಲವಾದ ನನ್ನ ಪ್ಯಾಂಟುಗಳ ಸೊಂಟ ಹಿಡಿಸಿ ಹೊಲಿಯುತ್ತಿದ್ದಳು. ತಲೆಯೆತ್ತದೆ ತುಳುವಿನಲ್ಲಿ ಕೇಳಿದಳು.

"ನನ್ನ ಕಷಾಯದಿಂದಲಾ?"

ತಿಂಗಳುಗಟ್ಟಲೆ ಈ ಪ್ರಶ್ನೆಗೆ ಹೆದರಿ, ಇಲ್ಲ ಅಕ್ಕ ಎನ್ನುವ ಉತ್ತರವನ್ನು ಬಾಯಿಪಾಠ ಮಾಡಿಟ್ಟಿದ್ದೆ. ಬಾಯಿ ತೆರೆದರೆ ಅದು ಬರಲಿಲ್ಲ. ಅವಳು ಬಂದಾಗಿನಿಂದ ಯಾರೂ ಅವಳಿಗೆ ಪೂರ್ತಿ ಮಾತು ಹೇಳಿರಲಿಲ್ಲ, ಬರೀ ಮುಖ ತೋರಿಸಿದ್ದೆವು.

"ಗೊತ್ತಿಲ್ಲ ಅಕ್ಕ. ಡಾಕ್ಟರಿಗೂ ಗೊತ್ತಿಲ್ಲ. ಮಾತ್ರೆ ಇಳಿಸಿದ್ದಕ್ಕೇ ಹೋಗಿರಬಹುದು. ಕಷಾಯವೂ ಸ್ವಲ್ಪ ಸೇರಿರಬಹುದು. ಕುಡಿದವನು ನಾನು. ಅವರು ಕೇಳಿದಾಗ ಹೇಳದೇ ಇದ್ದವನೂ ನಾನು."

ಸೂಜಿ ನಿಂತಿತು. ಅವಳು ಅಳಲಿಲ್ಲ. "ನೀನು ಇಲ್ಲ ಅಂತ ಹೇಳಿದ್ರೆ ನಾನು ನಂಬ್ತಿರ್ಲಿಲ್ಲ" ಅಂದಳು. "ಊರಿಗೆ ಹೋಗಿ ಸಾಯುವವರೆಗೆ ಅದನ್ನೇ ಯೋಚನೆ ಮಾಡ್ತಿದ್ದೆ."

ನೂಲು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, ಪ್ಯಾಂಟು ಮಡಚಿಟ್ಟಳು.

"ಇನ್ನು ಅದನ್ನು ತೆಗೀತಾರಾ?"

"ಇಲ್ಲ. ತೊಂದರೆ ಕೊಡದಿದ್ರೆ ತೆಗೆಯುದಿಲ್ಲ. ಕೆಲಸ ಮಾಡುದಿಲ್ಲ, ಅಷ್ಟೇ. ಅಲ್ಲೇ ಇರ್ತದೆ."

"ಬಿಸಾಡುದಿಲ್ವಾ?"

"ಇಲ್ಲ ಅಕ್ಕ."

ಅವಳು ಮಂಡಿಯೂರಿ ಹತ್ತಿರ ಬಂದು, ನನ್ನ ಬನಿಯನ್ ಮೇಲೆತ್ತಿ, ಆ ಉಬ್ಬಿನ ಮೇಲೆ ಅಂಗೈಯಿಟ್ಟಳು. ಹೊಲಿದು ಹೊಲಿದು ಒರಟಾದ ಕೈ. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಹಳೆಯ ತುಂಟತನದ್ದೊಂದು ಎಳೆ ಕಂಡಿತು, ಕಣ್ಣಿನಿಂದ ನೀರು ಮಾತ್ರ ಧಾರಾಕಾರ ಇಳಿಯುತ್ತಿತ್ತು.

"ಹಾಗಾದ್ರೆ ಇರ್ಲಿ ಬಿಡು" ಅಂದಳು. "ತವರಿಗೆ ಬಂದವಳು ಕೆಲಸ ಮಾಡ್ಬೇಕಂತ ಎಲ್ಲುಂಟು?"